ಆಟದ ನಿಯಮಕ್ಕೆ ಯಜಮಾನ ಯಾರು?

(ತರೀಕೆರೆ ಸಮೀಪದ ಅಮೃತಾಪುರದಲ್ಲಿ ವಿದ್ಯಾರ್ಥಿಗಳು ಹಾಗೂ ಊರಿನ ಹಿರಿಯರು ಸೇರಿದ್ದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಾನೂನು ಓದಿದವನಲ್ಲ, ಕಂಪ್ಯೂಟರ್ ಎಂಜಿನಿಯರೂ ಅಲ್ಲ. ಪತ್ರಿಕೆಯ ವರದಿಗಾರ. ನಮ್ಮ ಕಸುಬಿನಲ್ಲಿ ಎಲ್ಲ ವಿಷಯದಲ್ಲೂ ಸ್ವಲ್ಪ ಸ್ವಲ್ಪ ತಿಳಿದುಕೊಂಡು, ಅದನ್ನು ತಿಳಿಯುವ ಹಾಗೆ ಹೇಳುವುದಷ್ಟೇ ಕೆಲಸ. ಇವತ್ತು ನಾನು ಮಾತಾಡಬೇಕಾಗಿರುವುದು ವಿಡಿಯೋ ಗೇಮುಗಳ ಬಗ್ಗೆ, ಅವುಗಳ ಒಳಗಿನ 'ಆಟದ ತಂತ್ರ'ಕ್ಕೆ ಕಂಪನಿಗಳು ಪೇಟೆಂಟ್ ಪಡೆಯುತ್ತಿರುವುದರ ಬಗ್ಗೆ. ಎಂಟು ನೂರು ವರ್ಷದ ದೇವಸ್ಥಾನವಿರುವ ಊರಿಗೆ ಬಂದು ವಿಡಿಯೋ ಗೇಮಿನ ಮಾತೇ ಎಂದು ಹಿರಿಯರಿಗೆ ಅನಿಸಬಹುದು. ಆದರೆ ಈ ಜಗಳದ ಬೇರು ವಿಡಿಯೋ ಗೇಮಿಗಿಂತ ಬಹಳ ಹಳೆಯದು. ಕೊನೆಗೆ ಅದು ಅಮೃತೇಶ್ವರ ದೇವಸ್ಥಾನದ ಗೋಡೆಯ ತನಕವೂ ಬರುತ್ತದೆ.

ಪ್ರಶ್ನೆ ಸರಳವಾದದ್ದು. ಒಂದು ಹೊಸ ಆಟವನ್ನು ಒಬ್ಬರು ಕಂಡುಹಿಡಿದರು ಎನ್ನಿ. ಅದನ್ನು ಆಡುವ ಕ್ರಮ, ಅದರ ನಿಯಮ ಅವರೊಬ್ಬರದೇ ಆಸ್ತಿಯೇ? ಬೇರೆಯವರು ಅದೇ ಕ್ರಮವನ್ನು ಬಳಸಿ ಇನ್ನೊಂದು ಆಟ ಮಾಡಿದರೆ ಅದು ಕಳವೇ?

ಮೂರು ಬೀಗಗಳು

ಉದಾಹರಣೆಗೆ ಚೌಕಾಬಾರವನ್ನೇ ತೆಗೆದುಕೊಳ್ಳೋಣ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದರಂತೆ ಇಪ್ಪತ್ತೈದು ಮನೆ ಬರೆಯುತ್ತೇವೆ. ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಡೆದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಎದುರಾಳಿಯ ಕಾಯನ್ನು ಒಮ್ಮೆಯಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಎಂಬುದು ಹಲವು ಕಡೆ ಇರುವ ಕಟ್ಟಳೆ. ಪಕ್ಕದ ಊರಿಗೆ ಹೋದರೆ ಈ ಕಟ್ಟಳೆ ಇರಬಹುದು, ಇಲ್ಲದಿರಬಹುದು. ಮದುವೆಯಾಗಿ ಬಂದ ಸೊಸೆ ತನ್ನ ತವರಿನ ನಿಯಮವನ್ನು ತರುತ್ತಾಳೆ, ಅತ್ತೆ ಒಪ್ಪುವುದಿಲ್ಲ. ಎರಡು ಆಟ ಆದ ಮೇಲೆ ರಾಜಿಯಾಗುತ್ತದೆ.

ಇದೇ ಚೌಕಾಬಾರವನ್ನು ಇವತ್ತು ಒಬ್ಬ ಹುಡುಗ ಕಂಪ್ಯೂಟರಿಗೆ ಅಳವಡಿಸಿ ಮಾರುತ್ತಾನೆ ಎಂದಿಟ್ಟುಕೊಳ್ಳಿ. ಅವನ ಆಟಕ್ಕೆ ಕಾನೂನು ಮೂರು ಬಗೆಯ ಬೀಗ ಕೊಡುತ್ತದೆ.

ಮೊದಲನೆಯದು ಟ್ರೇಡ್‌ಮಾರ್ಕ್. ಅದು ಹೆಸರಿನ ಬೀಗ. ಅವನು ತನ್ನ ಆಟಕ್ಕೆ ಇಟ್ಟ ವಿಶಿಷ್ಟ ಹೆಸರನ್ನು ಬೇರೆಯವರು ಬಳಸುವಂತಿಲ್ಲ. ಎರಡನೆಯದು ಕೃತಿಸ್ವಾಮ್ಯ, ಅಂದರೆ ಕಾಪಿರೈಟ್. ಅವನು ಬರೆದ ಪ್ರೋಗ್ರಾಮು, ಬಿಡಿಸಿದ ಚಿತ್ರ, ಹಾಕಿದ ಸಂಗೀತಕ್ಕೆ ಅದು ರಕ್ಷೆ. ಆದರೆ ಕೃತಿಸ್ವಾಮ್ಯ ಆಲೋಚನೆಯನ್ನು ಕಾಯುವುದಿಲ್ಲ, ಆಲೋಚನೆಗೆ ಕೊಟ್ಟ ರೂಪವನ್ನು ಮಾತ್ರ ಕಾಯುತ್ತದೆ. ನಮ್ಮ ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಈ ತತ್ವವನ್ನು ಸ್ಪಷ್ಟಪಡಿಸಿತು. ಇದನ್ನು ತಿಳಿಯಲು ನಿಮ್ಮ ದೇವಸ್ಥಾನದ ಗೋಡೆಯನ್ನು ನೋಡಿದರೆ ಸಾಕು. ರಾಮಾಯಣದ ಕಥೆ ಎಲ್ಲರದು. ಆದರೆ ಇಲ್ಲಿ ದಕ್ಷಿಣದ ಗೋಡೆಯ ಮೇಲೆ, ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣೆಯಾಗಿ ಸಾಗುವ ಆ ಫಲಕಗಳು ಇಲ್ಲಿನ ಶಿಲ್ಪಿಗಳವು. ಕಥೆ ಆಲೋಚನೆ, ಫಲಕ ರೂಪ.

ಮೂರನೆಯ ಬೀಗವೇ ಪೇಟೆಂಟು. ಇದು ಎಲ್ಲಕ್ಕಿಂತ ಗಟ್ಟಿ. ಹೊಸದಾದ, ಸುಲಭವಾಗಿ ಯಾರಿಗೂ ಹೊಳೆಯದಂಥ, ಉಪಯೋಗಕ್ಕೆ ಬರುವ ಒಂದು ವಿಧಾನವನ್ನು ಕಂಡುಹಿಡಿದವರಿಗೆ ಸರ್ಕಾರ ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ ಏಕಸ್ವಾಮ್ಯ ಕೊಡುತ್ತದೆ. ಬೇರೆಯವರು ನಕಲು ಮಾಡದೆ ಸ್ವಂತ ಬುದ್ಧಿಯಿಂದಲೇ ಅದೇ ವಿಧಾನಕ್ಕೆ ಬಂದಿದ್ದರೂ ಸರಿಯೆ, ಅನುಮತಿಯಿಲ್ಲದೆ ಬಳಸುವಂತಿಲ್ಲ. ಆಟದ ಮಟ್ಟಿಗೆ ಹೇಳುವುದಾದರೆ, 'ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ' ಎಂಬ ಕಟ್ಟಳೆಗೇ ಬೀಗ ಹಾಕಿದ ಹಾಗೆ. ಹೆಸರು ಬದಲಾಯಿಸಿ, ಚಿತ್ರ ಬದಲಾಯಿಸಿ, ಪ್ರಯೋಜನವಿಲ್ಲ. ಆ ಕಟ್ಟಳೆ ಬಳಸಿದರೆ ಬಾಡಿಗೆ ಕಟ್ಟಬೇಕು.

ಜಗಳ ಇರುವುದು ಈ ಮೂರನೆಯ ಬೀಗದ ಬಗ್ಗೆ.

ಜಮೀನ್ದಾರನ ಆಟ

ಆಟಕ್ಕೆ ಪೇಟೆಂಟ್ ಪಡೆಯುವುದು ಕಂಪ್ಯೂಟರ್ ಕಾಲದ ಆವಿಷ್ಕಾರವೇನೂ ಅಲ್ಲ. ಅಮೆರಿಕದಲ್ಲಿ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ 'ಜಮೀನ್ದಾರನ ಆಟ' ಎಂಬರ್ಥದ ಹೆಸರಿನ ಹಾಸಿನ ಆಟವೊಂದಕ್ಕೆ ಪೇಟೆಂಟ್ ಪಡೆದರು. ಭೂಮಿ ಕೆಲವರ ಕೈಯಲ್ಲೇ ಸೇರಿದರೆ ಉಳಿದವರು ಹೇಗೆ ದಿವಾಳಿಯಾಗುತ್ತಾರೆ ಎಂದು ಜನರಿಗೆ ತೋರಿಸುವುದು ಅವರ ಉದ್ದೇಶ. ಆ ಆಟ ಕೈಯಿಂದ ಕೈಗೆ ಹರಡಿತು. ಜನ ತಮ್ಮ ತಮ್ಮ ಊರಿನ ಬೀದಿಗಳ ಹೆಸರು ಬರೆದುಕೊಂಡು ಆಡಿದರು. ಹಾಗೆ ಆಡುತ್ತಿದ್ದವರಿಂದ ಕಲಿತ ಚಾರ್ಲ್ಸ್ ಡಾರೋ ಎಂಬಾತ ಅದನ್ನು 'ಮೊನಾಪಲಿ' ಎಂಬ ಹೆಸರಿನಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. 1935ರಲ್ಲಿ ಅವನ ಹೆಸರಿಗೇ ಪೇಟೆಂಟೂ ಆಯಿತು. ಡಾರೋ ಲಕ್ಷಾಧೀಶನಾದ. ಎಲಿಜಬೆತ್ ಮ್ಯಾಗಿ ಅವರ ಪೇಟೆಂಟನ್ನು ಕಂಪನಿ ಕೊಂಡದ್ದು 500 ಡಾಲರಿಗೆ.

ಏಕಸ್ವಾಮ್ಯದ ಕೆಡುಕನ್ನು ಹೇಳಲು ಹುಟ್ಟಿದ ಆಟ ಏಕಸ್ವಾಮ್ಯದ ಕೈಗೇ ಬಿತ್ತು. ಪೇಟೆಂಟ್ ಎಂದರೆ ಬಡ ಸಂಶೋಧಕನ ಆಯುಧ ಎಂದು ಹೇಳುವುದುಂಟು. ಆಯುಧ ಕೈಯಲ್ಲಿದ್ದರೂ ಬಳಸುವ ಶಕ್ತಿ ಬೇಕು ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ವಿಡಿಯೋ ಗೇಮಿನ ಉದ್ಯಮ ಹುಟ್ಟಿದ್ದೂ ಮೊಕದ್ದಮೆಯ ಜೊತೆಯಲ್ಲೇ. ಟಿ.ವಿ. ಪರದೆಯ ಮೇಲೆ ಚೆಂಡಾಟ ಆಡಿಸುವ ಯಂತ್ರವನ್ನು ರಾಲ್ಫ್ ಬೇರ್ ಎಂಬ ಎಂಜಿನಿಯರ್ ರೂಪಿಸಿದರು. ಅದು 1972ರಲ್ಲಿ ಮ್ಯಾಗ್ನವಾಕ್ಸ್ ಕಂಪನಿಯ 'ಒಡಿಸ್ಸಿ' ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷದ ಕೊನೆಗೆ ಅಟಾರಿ ಕಂಪನಿಯ 'ಪಾಂಗ್' ಬಂದು ಮನೆಮಾತಾಯಿತು. 1974ರಲ್ಲಿ ಮ್ಯಾಗ್ನವಾಕ್ಸ್ ಕೋರ್ಟಿಗೆ ಹೋಯಿತು. 1976ರಲ್ಲಿ ಅಟಾರಿ ಹಣ ಕಟ್ಟಿ ಪರವಾನಗಿ ಪಡೆಯಿತು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಬೇರ್ ಅವರ ಪೇಟೆಂಟು ಟಿ.ವಿ.ಯ ಮೇಲೆ ಚುಕ್ಕೆಗಳನ್ನು ಓಡಾಡಿಸುವ ವಿದ್ಯುತ್ ವ್ಯವಸ್ಥೆಗೆ ಸಂಬಂಧಿಸಿದ್ದು. ಅದು ನಿಜವಾಗಿ ಒಂದು ಯಂತ್ರ. ಮುಂದೆ ಬಂದದ್ದು ಹಾಗಲ್ಲ.

ಬಾಣದ ಗುರುತಿಗೂ ಪೇಟೆಂಟು

1990ರ ದಶಕದಲ್ಲಿ ಗೇಮುಗಳು ಸಿ.ಡಿ.ಗೆ ಬಂದವು. ಸಿ.ಡಿ.ಯಿಂದ ಆಟ ಯಂತ್ರಕ್ಕೆ ಇಳಿಯುವ ತನಕ ಆಡುವವರು ಸುಮ್ಮನೆ ಕಾಯಬೇಕಿತ್ತು. ಜಪಾನಿನ ನಾಮ್ಕೋ ಕಂಪನಿ ಆ ಹೊತ್ತಿನಲ್ಲಿ ಇನ್ನೊಂದು ಪುಟ್ಟ ಆಟ ಆಡಿಸುವ ಉಪಾಯ ಮಾಡಿ, 1995ರಲ್ಲಿ ಅರ್ಜಿ ಹಾಕಿ, 1998ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಇಂಥದೇ ಉಪಾಯವನ್ನು 1987ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ ಕ್ಯಾಸೆಟ್ಟಿನ ಗೇಮುಗಳಲ್ಲಿ ಬಳಸಲಾಗಿತ್ತು. ಆದರೂ ಪೇಟೆಂಟ್ 2015ರ ವರೆಗೆ ಉಳಿಯಿತು. ಅಷ್ಟೂ ವರ್ಷ ಬೇರೆ ಕಂಪನಿಗಳ ಆಟ ಕೊಂಡವರು ಖಾಲಿ ಪರದೆಯನ್ನೋ ಓಡುವ ಗೆರೆಯನ್ನೋ ನೋಡುತ್ತ ಕೂತರು.

ಅದೇ ಕಾಲದಲ್ಲಿ ರಿಚರ್ಡ್ ಗಾರ್ಫೀಲ್ಡ್ ರಚಿಸಿದ 'ಮ್ಯಾಜಿಕ್' ಎಂಬ ಎಲೆ ಆಟಕ್ಕೆ 1997ರಲ್ಲಿ ಪೇಟೆಂಟ್ ಸಿಕ್ಕಿತು. ಬಳಸಿದ ಎಲೆಯನ್ನು ಅಡ್ಡಕ್ಕೆ ತಿರುಗಿಸಿ ಇಡುವ ಕ್ರಮವೂ ಅದರಲ್ಲಿ ಸೇರಿತ್ತು. 2001ರಲ್ಲಿ ಸೆಗಾ ಕಂಪನಿಗೆ, ಗಾಡಿ ಓಡಿಸುವ ಆಟದಲ್ಲಿ ಹೋಗಬೇಕಾದ ದಿಕ್ಕನ್ನು ಬಾಣದ ಗುರುತಿನಿಂದ ತೋರಿಸುವುದೂ ಸೇರಿದಂತೆ ಕೆಲವು ತಂತ್ರಗಳಿಗೆ ಪೇಟೆಂಟ್ ಆಯಿತು. 2003ರಲ್ಲಿ ಸಿಂಪ್ಸನ್ಸ್ ಹೆಸರಿನ ಗಾಡಿ ಆಟ ತಂದವರ ಮೇಲೆ ಸೆಗಾ ಮೊಕದ್ದಮೆ ಹೂಡಿತು. ಅದು ಕೋರ್ಟಿನ ಹೊರಗೆ ರಾಜಿಯಾಯಿತು. ಹೀಗೆ ರಾಜಿಯಾಗುವುದರಿಂದ ಒಂದು ಕೆಡುಕಿದೆ. ಪೇಟೆಂಟ್ ನಿಜಕ್ಕೂ ಊರ್ಜಿತವೇ ಎಂಬುದು ತೀರ್ಮಾನವೇ ಆಗುವುದಿಲ್ಲ. ಹೆದರಿಕೆ ಮಾತ್ರ ಉಳಿಯುತ್ತದೆ.

ಇತ್ತೀಚಿನ ಎರಡು ಪ್ರಕರಣಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದು ವಾರ್ನರ್ ಬ್ರದರ್ಸ್ ಕಂಪನಿಯದು. ಅದರ ಮೊನೊಲಿತ್ ಎಂಬ ಅಂಗಸಂಸ್ಥೆ 2014ರಲ್ಲಿ 'ಶ್ಯಾಡೋ ಆಫ್ ಮಾರ್ಡರ್' ಎಂಬ ಆಟ ತಂದಿತು. ಅದರಲ್ಲಿ ಒಂದು ಹೊಸತನವಿತ್ತು. ನಿಮ್ಮನ್ನು ಸೋಲಿಸಿದ ಒಬ್ಬ ಸಾಮಾನ್ಯ ಸೈನಿಕ ಬಡ್ತಿ ಪಡೆದು ನಾಯಕನಾಗುತ್ತಾನೆ. ಮುಂದೆ ಸಿಕ್ಕಾಗ ನಿಮ್ಮನ್ನು ಗುರುತಿಸಿ ಹಂಗಿಸುತ್ತಾನೆ. ನೀವು ಹಿಂದೆ ಮಾಡಿದ ಗಾಯದ ಕಲೆ ಅವನ ಮುಖದ ಮೇಲೆ ಇರುತ್ತದೆ. ಆಡಿದವರೆಲ್ಲ ಮೆಚ್ಚಿದರು. 2017ರಲ್ಲಿ ಮುಂದಿನ ಭಾಗ ಬಂತು. 2021ರ ಫೆಬ್ರುವರಿಯಲ್ಲಿ ಈ ವ್ಯವಸ್ಥೆಗೆ ಅಮೆರಿಕದ ಪೇಟೆಂಟ್ ದೊರೆಯಿತು. ಆಮೇಲೆ? ಈ ತಂತ್ರ ಬಳಸುವುದಾಗಿ ಹೇಳಿದ್ದ 'ವಂಡರ್ ವುಮನ್' ಆಟವನ್ನು ಕಂಪನಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು, ಮೊನೊಲಿತ್ ಸಂಸ್ಥೆಯನ್ನೇ ಮುಚ್ಚಿತು. ಆ ತಂತ್ರವನ್ನು ಕಂಡುಹಿಡಿದವರ ಕೆಲಸ ಹೋಯಿತು. ಪೇಟೆಂಟ್ ಮಾತ್ರ ಕಂಪನಿಯ ಬಳಿ 2030ರ ದಶಕದ ಮಧ್ಯಭಾಗದ ತನಕ ಇರಬಲ್ಲುದು. ಮನೆ ಬೀಗ ಹಾಕಿದೆ, ಒಳಗೆ ಯಾರೂ ವಾಸವಿಲ್ಲ.

ಎರಡನೆಯದು ಜಪಾನಿನದು. 2024ರ ಜನವರಿಯಲ್ಲಿ ಪಾಕೆಟ್‌ಪೇರ್ ಎಂಬ ಚಿಕ್ಕ ಕಂಪನಿಯ 'ಪಾಲ್‌ವರ್ಲ್ಡ್' ಆಟ ಬಿಡುಗಡೆಯಾಗಿ ಭಾರಿ ಯಶಸ್ಸು ಕಂಡಿತು. ಅದರಲ್ಲಿನ ವಿಚಿತ್ರ ಪ್ರಾಣಿಗಳು ಪೋಕೆಮಾನ್ ಪ್ರಾಣಿಗಳನ್ನು ಹೋಲುತ್ತವೆ ಎಂದು ಎಲ್ಲರೂ ಆಡಿಕೊಂಡರು. ಸೆಪ್ಟೆಂಬರಿನಲ್ಲಿ ನಿಂಟೆಂಡೊ ಮತ್ತು ಪೋಕೆಮಾನ್ ಕಂಪನಿ ಟೋಕಿಯೊ ಜಿಲ್ಲಾ ನ್ಯಾಯಾಲಯಕ್ಕೆ ಹೋದವು. ಆಶ್ಚರ್ಯವೆಂದರೆ ಅವರು ಹೋದದ್ದು ಪ್ರಾಣಿಗಳ ಚಿತ್ರ ಕದ್ದರೆಂದು ಅಲ್ಲ. ಗೋಲವೊಂದನ್ನು ಎಸೆದು ಪ್ರಾಣಿ ಹಿಡಿಯುವುದು, ಪ್ರಾಣಿಯ ಮೇಲೆ ಸವಾರಿ ಮಾಡುವುದು ಮುಂತಾದ ಆಟದ ತಂತ್ರಗಳಿಗೆ ಸಂಬಂಧಿಸಿದ ಮೂರು ಪೇಟೆಂಟುಗಳ ಉಲ್ಲಂಘನೆಯಾಗಿದೆ ಎಂದು. ಆ ಪೇಟೆಂಟುಗಳ ಮೂಲ ಅರ್ಜಿ 2021ರದು. ಆದರೆ ಅದರಿಂದ ಕವಲೊಡೆದ ಈ ಮೂರು ಅರ್ಜಿಗಳು ಸಲ್ಲಿಕೆಯಾದದ್ದು 2024ರಲ್ಲಿ, ಅಂದರೆ ಪಾಲ್‌ವರ್ಲ್ಡ್ ಬಂದ ಮೇಲೆ. ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ಎದುರಾಳಿ ನಡೆ ಇಟ್ಟ ಮೇಲೆ ಕಟ್ಟಳೆಯನ್ನು ಬಿಡಿಸಿ ಬರೆದ ಹಾಗಾಯಿತಲ್ಲ ಎಂದು ಆಡುವವರು ಕೇಳುತ್ತಾರೆ.

ಪಾಕೆಟ್‌ಪೇರ್ ವಾದ ಮುಂದುವರಿಸುತ್ತಲೇ ತನ್ನ ಆಟವನ್ನು ಬದಲಾಯಿಸಿತು. 2024ರ ನವೆಂಬರಿನಲ್ಲಿ ಗೋಲ ಎಸೆದು ಪ್ರಾಣಿಯನ್ನು ಹೊರಕರೆಯುವ ಕ್ರಮ ತೆಗೆಯಿತು. 2025ರ ಮೇ ತಿಂಗಳಲ್ಲಿ ಪ್ರಾಣಿ ಹಿಡಿದು ಗಾಳಿಯಲ್ಲಿ ತೇಲುವ ಕ್ರಮ ಬದಲಾಯಿತು. ಅಮೆರಿಕದಲ್ಲೂ 2025ರ ಸೆಪ್ಟೆಂಬರಿನಲ್ಲಿ, ಆಟಗಾರ ಒಂದು ಪಾತ್ರವನ್ನು ಕರೆದು ತನ್ನ ಪರವಾಗಿ ಹೋರಾಡಿಸುವ ಕ್ರಮದ ಬಗ್ಗೆ ನಿಂಟೆಂಡೊಗೆ ಪೇಟೆಂಟ್ ಸಿಕ್ಕಿತು. ಇದು ಎಷ್ಟು ಗದ್ದಲಕ್ಕೆ ಕಾರಣವಾಯಿತೆಂದರೆ, ನವೆಂಬರಿನಲ್ಲಿ ಅಲ್ಲಿನ ಪೇಟೆಂಟ್ ಕಚೇರಿಯ ಮುಖ್ಯಸ್ಥರೇ ಅದರ ಮರುಪರಿಶೀಲನೆಗೆ ಆದೇಶಿಸಿದರು.

ನಮ್ಮ ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. ನಮ್ಮ 1970ರ ಪೇಟೆಂಟ್ ಕಾಯಿದೆಯ ಮೂರನೆಯ ಕಲಮು ಯಾವುದು ಆವಿಷ್ಕಾರವಲ್ಲ ಎಂದು ಪಟ್ಟಿ ಮಾಡುತ್ತದೆ. 2002ರ ತಿದ್ದುಪಡಿಯಿಂದ ಸೇರಿದ ಉಪಕಲಮೊಂದರ ಪ್ರಕಾರ ಬರಿಯ ಯೋಜನೆ, ನಿಯಮ, ಮನಸ್ಸಿನಲ್ಲಿ ಮಾಡುವ ಲೆಕ್ಕಾಚಾರದ ವಿಧಾನ ಅಥವಾ ಆಟ ಆಡುವ ವಿಧಾನ ಆವಿಷ್ಕಾರವೆನಿಸದು. ಆಟದ ಹೆಸರನ್ನೇ ಎತ್ತಿ ಹೇಳಿದೆ. ಅದೇ ಪಟ್ಟಿಯಲ್ಲಿ ಕೇವಲ ಕಂಪ್ಯೂಟರ್ ಪ್ರೋಗ್ರಾಮಿಗೂ ಪೇಟೆಂಟ್ ಇಲ್ಲ ಎಂದಿದೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿದೆ ಎನ್ನಲಾಗದು. 'ಕೇವಲ' ಎಂಬ ಪದದಲ್ಲಿ ಸಂದಿಯಿದೆ. ಪ್ರೋಗ್ರಾಮಿನಿಂದ ಯಂತ್ರದ ಕೆಲಸದಲ್ಲೇ ತಾಂತ್ರಿಕ ಸುಧಾರಣೆ ಆಗುತ್ತದೆ ಎಂದು ತೋರಿಸಿದರೆ ಪೇಟೆಂಟ್ ಸಿಗಬಹುದು. ಹೊಸ ಬಗೆಯ ಆಟದ ಕೈಪಿಡಿಗೆ, ಪರದೆಯ ಯಂತ್ರಕ್ಕೆ ಸಿಗುತ್ತದೆ. ಸಿಗಲೂ ಬೇಕು. ಆದ್ದರಿಂದ ಜಾಣ ವಕೀಲರು ನಿಯಮವನ್ನು 'ನಿಯಮ' ಎನ್ನದೆ 'ವ್ಯವಸ್ಥೆ' ಎಂದು ಬರೆಯುತ್ತಾರೆ. ಅಮೆರಿಕದಲ್ಲೂ ಬರಿಯ ಎಲೆ ಆಟದ ನಿಯಮಕ್ಕೆ ಪೇಟೆಂಟ್ ಇಲ್ಲವೆಂದು 2016ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಎಲೆಯ ಮೇಲೆ ಸಿಗದ ಪೇಟೆಂಟು ಪರದೆಯ ಮೇಲೆ ಸಿಗುತ್ತಿದೆ ಎಂಬುದೇ ಟೀಕೆಗೆ ಕಾರಣ.

ನಮ್ಮ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣವನ್ನು ಇಲ್ಲಿ ನೆನೆಯಬಹುದು. ಕೋಲ್ಕತ್ತದ ಅಗರ್‌ವಾಲಾ ಸಹೋದರರು 'ಸ್ಕ್ರ್ಯಾಬುಲಸ್' ಎಂಬ ಪದ ಜೋಡಿಸುವ ಆಟವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಲಕ್ಷಾಂತರ ಜನ ಆಡಿದರು. 'ಸ್ಕ್ರ್ಯಾಬಲ್' ಆಟದ ಹಕ್ಕುಳ್ಳ ಮ್ಯಾಟೆಲ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2008ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಮಧ್ಯಂತರ ತೀರ್ಪು ಕೊಟ್ಟರು. ಹೆಸರು ಗೊಂದಲ ಹುಟ್ಟಿಸುವಂತಿದೆ, ಆದ್ದರಿಂದ ಅದನ್ನು ಬಳಸಬಾರದು ಎಂದರು. ಆದರೆ ಹಾಸಿನ ಮನೆಗಳ ಜೋಡಣೆ ಮತ್ತು ಆಟದ ನಿಯಮಗಳ ಮೇಲೆ ಕೃತಿಸ್ವಾಮ್ಯದ ಹೆಸರಿನಲ್ಲಿ ತಡೆ ಕೊಡಲು ಒಪ್ಪಲಿಲ್ಲ. ಸಹೋದರರು ಹೆಸರು ಬದಲಾಯಿಸಿ ಆಟ ಮುಂದುವರಿಸಿದರು. ಹೆಸರು ಅವರದು, ನಿಯಮ ಎಲ್ಲರದು ಎಂಬ ಗೆರೆ ಅಲ್ಲಿ ಎಳೆದಂತಾಯಿತು.

ಪಗಡೆ ಲೂಡೋ ಆದದ್ದು

ಈ ಗೆರೆ ನಮಗೆ ಯಾಕೆ ಮುಖ್ಯ? ಏಕೆಂದರೆ ಆಟಗಳ ವಿಷಯದಲ್ಲಿ ನಾವು ಕೊಟ್ಟವರು.

ಪಗಡೆ ನಮ್ಮ ಪುರಾಣದಲ್ಲಿ ಇದೆ, ಅರಮನೆಯಲ್ಲಿ ಇತ್ತು, ಮನೆಯ ಪಡಸಾಲೆಯಲ್ಲೂ ಇತ್ತು. ಬ್ರಿಟಿಷರು ಅದನ್ನು ನೋಡಿ ಕಲಿತರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಅದನ್ನು ಸರಳಗೊಳಿಸಿ, ಕವಡೆಯ ಬದಲು ಚೌಕದ ದಾಳ ಇಟ್ಟು 'ಲೂಡೋ' ಎಂದು ಪೇಟೆಂಟ್ ಮಾಡಿಕೊಂಡರು. ಅಮೆರಿಕದಲ್ಲಿ ಪಚ್ಚೀಸಿಯ ಹೆಸರನ್ನೇ ತಿರುಚಿ 'ಪಾರ್ಚೀಸಿ' ಎಂದು 1874ರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದರು. ನಮ್ಮ ಮನೆಯ ಆಟ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ನಮ್ಮ ಅಂಗಡಿಗೇ ಮಾರಾಟಕ್ಕೆ ಬಂತು.

1990ರ ದಶಕದಲ್ಲಿ ಅರಿಶಿನದ ಗಲಾಟೆ ನಡೆದದ್ದು ಹಿರಿಯರಿಗೆ ನೆನಪಿರಬಹುದು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ಆಧಾರ ತೋರಿಸಿ ಹೋರಾಡಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ಗೆದ್ದದ್ದು ಯಾಕೆ? ಬರಹದ ಸಾಕ್ಷಿ ಇತ್ತು. ಆಟಗಳಿಗೆ ಅಂಥ ಸಾಕ್ಷಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಸ್ವಲ್ಪ ಇದೆ, ಅದೂ ನಮ್ಮ ಮೈಸೂರಿನಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಡಳಿತವನ್ನು 1831ರಲ್ಲಿ ಬ್ರಿಟಿಷರು ಕಿತ್ತುಕೊಂಡ ಮೇಲೆ ಸಾಹಿತ್ಯ, ಕಲೆಗಳಿಗೆ ಪೋಷಕರಾಗಿ ಉಳಿದರು. ಅವರಿಗೆ ಆಟಗಳೆಂದರೆ ಬಹಳ ಪ್ರೀತಿ. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದರು. ಅವುಗಳಲ್ಲಿ 360 ಎಲೆಗಳ ಆಟವೂ ಇತ್ತು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕಠಿಣ ಸಮಸ್ಯೆಯನ್ನು ಬಿಡಿಸಿದರು. 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ 'ಕೌತುಕನಿಧಿ' ಎಂಬ ಭಾಗವನ್ನು ಆಟಗಳಿಗೆಂದೇ ಇಟ್ಟರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳನ್ನು ಚಿತ್ರಿಸಲಾಗಿದೆ. ಹೊಸ ಆಟ ಕಟ್ಟುವ ರಾಜ ಅದನ್ನು ಬಚ್ಚಿಡಲಿಲ್ಲ, ಗೋಡೆಯ ಮೇಲೆ ಬರೆಸಿದ ಎಂಬುದು ಗಮನಿಸಬೇಕಾದ ಸಂಗತಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಆಟಗಳನ್ನು ಹುಡುಕಿ, ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ, ಪ್ರದರ್ಶನ ನಡೆಸುತ್ತ ಬಂದಿದೆ. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತೂ ದೊರೆತಿದೆ. ಆದರೆ ಆ ಗುರುತು ಎಲೆಯ ಹೆಸರನ್ನೂ ಅದನ್ನು ತಯಾರಿಸುವವರನ್ನೂ ಕಾಯುತ್ತದೆಯೇ ಹೊರತು ಆಟಕ್ಕೆ ಬೇಲಿ ಹಾಕುವುದಿಲ್ಲ. ಅದು ಸರಿಯಾದ ಕ್ರಮವೇ.

ಇನ್ನೊಂದು ಪಕ್ಷದ ಮಾತು

ಇಷ್ಟು ಹೊತ್ತು ಒಂದೇ ಪಕ್ಷದ ಮಾತಾಡಿದೆ. ಇನ್ನೊಂದು ಪಕ್ಷವನ್ನೂ ಕೇಳದಿದ್ದರೆ ವರದಿಗಾರನ ಧರ್ಮಕ್ಕೆ ಸಲ್ಲದು.

2014ರಲ್ಲಿ 'ಥ್ರೀಸ್' ಎಂಬ ಅಂಕಿ ಜೋಡಿಸುವ ಚಿಕ್ಕ ಆಟ ಬಂತು. ಅದನ್ನು ಮಾಡಿದ ಇಬ್ಬರು ಗೆಳೆಯರು ಒಂದು ವರ್ಷಕ್ಕೂ ಹೆಚ್ಚು ಕಾಲ ಅದರ ಮೇಲೆ ಕೂತಿದ್ದರು. ನೂರಾರು ಸಲ ಅಳಿಸಿ ಬರೆದು, ಕೊನೆಗೆ ಆ ಸರಳತೆಗೆ ಬಂದಿದ್ದರು. ಅದು ಬಂದ ಕೆಲವೇ ವಾರಗಳಲ್ಲಿ ಅದೇ ಜಾಡಿನ ಆಟಗಳು ಹುಟ್ಟಿಕೊಂಡವು. ಅವುಗಳಲ್ಲಿ '2048' ಎಂಬುದನ್ನು ಇಟಲಿಯ ಯುವಕನೊಬ್ಬ ಒಂದು ವಾರಾಂತ್ಯದಲ್ಲಿ ಮಾಡಿ ಉಚಿತವಾಗಿ ಬಿಟ್ಟ. ಜಗತ್ತು ಆಡಿದ್ದು ಅದನ್ನೇ. ಇಲ್ಲಿ ಯಾರೂ ಕಾನೂನು ಮುರಿಯಲಿಲ್ಲ. ಆದರೂ ವರ್ಷವಿಡೀ ದುಡಿದವರ ಹೊಟ್ಟೆಯುರಿ ಸುಳ್ಳಲ್ಲ. ನಿಯಮ ಎಲ್ಲರದು ಎಂದು ಸುಲಭವಾಗಿ ಹೇಳುವವರು ಈ ಇಬ್ಬರ ಮುಖ ನೋಡಿ ಹೇಳಬೇಕು.

ಪೇಟೆಂಟಿನ ಪರವಾಗಿ ಇನ್ನೊಂದು ಗಟ್ಟಿ ವಾದವಿದೆ. ಪೇಟೆಂಟ್ ಎಂದರೆ ಬರಿಯ ಬೀಗವಲ್ಲ, ಒಂದು ಒಪ್ಪಂದ. ವಿಧಾನವನ್ನು ಪೂರ್ತಿ ಬರೆದು ಎಲ್ಲರಿಗೂ ತಿಳಿಸು, ಪ್ರತಿಯಾಗಿ ಇಪ್ಪತ್ತು ವರ್ಷ ನಿನಗೆ ಎಂಬ ಒಪ್ಪಂದ. ಪೇಟೆಂಟ್ ಇಲ್ಲದ ಕಾಲದಲ್ಲಿ ಕಸುಬಿನ ಗುಟ್ಟನ್ನು ಅಪ್ಪ ಮಗನಿಗೆ ಮಾತ್ರ ಹೇಳುತ್ತಿದ್ದ. ಹೇಳದೆ ಸತ್ತರೆ ಗುಟ್ಟೂ ಸಾಯುತ್ತಿತ್ತು. ಎಷ್ಟೋ ಔಷಧ, ಎಷ್ಟೋ ಲೋಹವಿದ್ಯೆ ಹಾಗೆ ಕಳೆದುಹೋಗಿವೆ.

ಈ ವಾದ ಔಷಧಕ್ಕೆ, ಯಂತ್ರಕ್ಕೆ ಸರಿ. ಆಟದ ನಿಯಮಕ್ಕೆ ಸರಿಹೊಂದುವುದೇ? ಆಟದ ನಿಯಮದಲ್ಲಿ ಬಚ್ಚಿಡುವ ಗುಟ್ಟು ಯಾವುದಿದೆ? ಆಡಿಸಬೇಕಾದರೆ ನಿಯಮ ಹೇಳಲೇಬೇಕು. ಒಮ್ಮೆ ಆಡಿದವರಿಗೆ ಅದು ತಿಳಿದೇಹೋಗುತ್ತದೆ. ಅಂದರೆ ಸಮಾಜ ಇಪ್ಪತ್ತು ವರ್ಷ ಬಿಟ್ಟುಕೊಡುತ್ತದೆ, ಪ್ರತಿಯಾಗಿ ಅದಕ್ಕೆ ಸಿಗುವುದು ಆಗಲೇ ಗೊತ್ತಿರುವ ಸಂಗತಿ. ಒಪ್ಪಂದದ ಒಂದು ತಟ್ಟೆ ಖಾಲಿ.

'ಥ್ರೀಸ್' ಮಾಡಿದ ಇಬ್ಬರಿಗೂ ಪೇಟೆಂಟ್ ನೆರವಾಗುತ್ತಿರಲಿಲ್ಲ. ಅರ್ಜಿ ಇತ್ಯರ್ಥವಾಗಲು ವರ್ಷಗಳು ಬೇಕು. ನಾಮ್ಕೋ ಅರ್ಜಿಗೆ ಮೂರು ವರ್ಷ ಹಿಡಿಯಿತು. ನಕಲು ಬಂದದ್ದು ವಾರಗಳಲ್ಲಿ. ಪೇಟೆಂಟ್ ಸಿಕ್ಕರೂ ಕೋರ್ಟಿಗೆ ಹೋಗಲು ಹಣ ಬೇಕು. ಹಣ ಇರುವವರು ದೊಡ್ಡ ಕಂಪನಿಯವರು. ಆದ್ದರಿಂದಲೇ ಈ ಆಯುಧ ಚಿಕ್ಕವರ ಹೆಸರಿನಲ್ಲಿ ತಯಾರಾಗಿ ದೊಡ್ಡವರ ಕೈಯಲ್ಲಿ ಕಾಣಿಸುತ್ತದೆ.

ಬೆಂಗಳೂರಿನ ಹುಡುಗರ ಪಾಲಿಗೆ

ಇದು ದೂರದ ದೇಶಗಳ ಜಗಳ ಮಾತ್ರವಲ್ಲ. ನಮ್ಮ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಅನಿಮೇಷನ್ ಮತ್ತು ಗೇಮಿಂಗಿಗೆ ಪ್ರತ್ಯೇಕ ನೀತಿಯನ್ನು ಕರ್ನಾಟಕ 2012ರಲ್ಲೇ ತಂದಿತು. 2024ರಿಂದ 2029ರ ತನಕದ ಹೊಸ ನೀತಿಯೂ ಬಂದಿದೆ. ನಮ್ಮ ಹುಡುಗ ಹುಡುಗಿಯರು ಬಹುಕಾಲ ಮಾಡಿದ್ದು ಹೊರದೇಶದ ಆಟಗಳಿಗೆ ಚಿತ್ರ ಬರೆಯುವ, ಬಣ್ಣ ತುಂಬುವ ಕೆಲಸ. ಈಗ ಸ್ವಂತ ಆಟ ಕಟ್ಟುವ ಹಂಬಲ ಬಂದಿದೆ.

ಅವರು ಭಾರತದಲ್ಲಿ ಕೂತು ಕಟ್ಟಬಹುದು, ಇಲ್ಲಿನ ಕಾನೂನು ಅಡ್ಡ ಬರದು. ಆದರೆ ಮಾರುವುದು ಜಗತ್ತಿಗೆಲ್ಲ. ಅಮೆರಿಕದಲ್ಲಿ, ಜಪಾನಿನಲ್ಲಿ ಮಾರಿದ ಕೂಡಲೇ ಅಲ್ಲಿನ ಪೇಟೆಂಟ್ ಅವರಿಗೂ ತಗಲುತ್ತದೆ. ತರೀಕೆರೆಯ ಒಬ್ಬ ಹುಡುಗಿ ಬೆಂಗಳೂರಿನಲ್ಲಿ ಕೂತು, ವೈರಿ ನಿಮ್ಮನ್ನು ನೆನಪಿಟ್ಟುಕೊಳ್ಳುವ ಆಟ ಬರೆಯಬೇಕೆಂದರೆ ಮೊದಲು ವಕೀಲರನ್ನು ಕೇಳಬೇಕು. ವಕೀಲರ ಫೀಜಿಗೆ ಹೆದರಿ ಅವಳು ಆ ಆಟವನ್ನು ಬರೆಯದೇ ಬಿಟ್ಟರೆ ಅದು ಯಾವ ಕೋರ್ಟಿನ ದಾಖಲೆಯಲ್ಲೂ ಬರುವುದಿಲ್ಲ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಹುಟ್ಟದೇ ಹೋದ ಆಟದ ಲೆಕ್ಕ ಇಡುವವರು ಯಾರೂ ಇಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ನಿಜವಾದ ನಷ್ಟ ಇದೇ.

ಮಲ್ಲಿತಮ್ಮನ ಸಹಿ

ಈಗ ದೇವಸ್ಥಾನದ ಮಾತಿಗೆ ಬರುತ್ತೇನೆ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಈ ಗುಡಿಯಲ್ಲಿ ಶಿಲ್ಪಿ ರೂವಾರಿ ಮಲ್ಲಿತಮ್ಮ ತನ್ನ ಕಸುಬು ಆರಂಭಿಸಿದ ಎಂದು ವಿದ್ವಾಂಸರು ಹೇಳುತ್ತಾರೆ. ಮಂಟಪದ ಒಳಛಾವಣಿಗಳಲ್ಲಿ ಅವನ ಕೈ ಇದೆ. ಮುಂದೆ ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಅದೇ ಹೆಸರು ಕಲ್ಲಿನ ಮೇಲೆ ಕಾಣುತ್ತದೆ. ಇಲ್ಲಿನ ಶಾಸನದ ಪದ್ಯಗಳನ್ನು ಬರೆದವನು ಕವಿ ಜನ್ನ.

ಇಲ್ಲಿನ ಮಂಟಪದ ಹೊಳೆಯುವ ಕಂಬಗಳನ್ನು ನೀವು ದಿನಾ ನೋಡುತ್ತೀರಿ. ತಿರುಗಣಿಗೆ ಹಾಕಿ ಕಡೆದಂಥ ಆ ಕಂಬದ ವಿದ್ಯೆ ಹೊಯ್ಸಳರು ಹುಟ್ಟಿಸಿದ್ದಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿ, ಗದಗದ ಕಡೆ ಬೆಳೆದು ಬಂದದ್ದು. ಆ ಶಿಲ್ಪಿಗಳಿಂದ ಈ ಶಿಲ್ಪಿಗಳು ಕಲಿತರು, ಕಲಿತದ್ದನ್ನು ಮುಂದಕ್ಕೆ ಒಯ್ದರು. ಹಾಗೆಂದು ಅದು ಪೂರ್ತಿ ತೆರೆದ ಬಾಗಿಲಿನ ಲೋಕವಾಗಿತ್ತು ಎಂದು ನಾನು ಹೇಳುವುದಿಲ್ಲ. ವಿದ್ಯೆ ಕಸುಬಿನವರ ಮನೆತನಗಳ ಒಳಗೇ ಉಳಿಯುತ್ತಿತ್ತು, ಎಲ್ಲ ಜಾತಿಯವರಿಗೂ ಉಳಿ ಸಿಗುತ್ತಿರಲಿಲ್ಲ. ಆದರೆ ಕಸುಬಿನ ಒಳಗೆ ಒಂದು ಮಾತು ಸ್ಪಷ್ಟವಿತ್ತು. ಶಿಲ್ಪಿಗಳು ತಮ್ಮ ಮೂರ್ತಿಯ ಕೆಳಗೆ ಹೆಸರು ಕೆತ್ತಿದರು. ಇದು ನನ್ನ ಕೆಲಸ ಎಂದರು. ಇಂಥ ಕಂಬ ಇನ್ನು ಯಾರೂ ಕಡೆಯಬಾರದು ಎನ್ನಲಿಲ್ಲ.

ಹೆಸರು ಕೇಳುವುದು ನ್ಯಾಯ. ದುಡಿಮೆಗೆ ಕೂಲಿ ಕೇಳುವುದೂ ನ್ಯಾಯ. ಎಲಿಜಬೆತ್ ಮ್ಯಾಗಿಗೆ ಸಿಗಬೇಕಾಗಿದ್ದದ್ದು ಅದು. 'ಥ್ರೀಸ್' ಗೆಳೆಯರಿಗೂ ಅದು ಸಲ್ಲಬೇಕು. ಪ್ರೋಗ್ರಾಮು, ಚಿತ್ರ, ಹೆಸರು ಕದ್ದವರಿಗೆ ಶಿಕ್ಷೆಯಾಗಲಿ. ನಿಜವಾದ ಯಂತ್ರ ಕಂಡುಹಿಡಿದವರಿಗೆ ಪೇಟೆಂಟ್ ಇರಲಿ. ಆದರೆ ಆಟದ ಕಟ್ಟಳೆಯನ್ನು ಕಟ್ಟಳೆಯಾಗಿಯೇ ಬಿಡಬೇಕು. ನಮ್ಮ ಕಾಯಿದೆಯಲ್ಲಿರುವ ಆ ಒಂದು ಸಾಲು ಚಿಕ್ಕದಾದರೂ ಬೆಲೆಯುಳ್ಳದ್ದು. ವ್ಯಾಪಾರ ಒಪ್ಪಂದಗಳ ಹೆಸರಿನಲ್ಲಿ ಅದನ್ನು ಸಡಿಲಿಸುವ ಮಾತು ಬಂದಾಗ ನಮ್ಮ ಪ್ರತಿನಿಧಿಗಳು ಅದನ್ನು ನೆನಪಿಡಬೇಕು.

ನಾವು ಮಾಡಬಹುದಾದ ಕೆಲಸವೂ ಒಂದಿದೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳು ಒಂದು ನೋಟ್ ಪುಸ್ತಕ ಹಿಡಿದು ಮನೆಯ ಅಜ್ಜಿಯ ಹತ್ತಿರ ಕೂರಿ. ಚೌಕಾಬಾರ, ಅಳಿಗುಳಿಮಣೆ, ಹುಲಿ-ಕುರಿ ಆಟವನ್ನು ಅವರು ಆಡುತ್ತಿದ್ದ ರೀತಿಯಲ್ಲೇ ಬರೆದುಕೊಳ್ಳಿ. ಎಷ್ಟು ಗುಳಿ, ಗುಳಿಗೆ ಎಷ್ಟು ಬೀಜ, ಕಾಯಿ ಯಾವಾಗ ಸಾಯುತ್ತದೆ, ಯಾವ ಊರಿನಲ್ಲಿ ಯಾವ ಕಟ್ಟಳೆ, ಎಲ್ಲವನ್ನೂ. ಅಜ್ಜಿಯ ಹೆಸರು, ಊರು, ತಾರೀಖು ಹಾಕಿ. ಅರಿಶಿನದ ಮೊಕದ್ದಮೆ ಗೆದ್ದದ್ದು ಬರಹದಿಂದ. ನಾಳೆ ಯಾರಾದರೂ ಇದೇ ಕಟ್ಟಳೆ ತಮ್ಮದೆಂದು ಅರ್ಜಿ ಹಾಕಿದರೆ ನಿಮ್ಮ ನೋಟ್ ಪುಸ್ತಕ ಸಾಕ್ಷಿಗೆ ಬಂದೀತು. ಸಾಕ್ಷಿಗೆ ಬಾರದಿದ್ದರೂ ಅದನ್ನು ಓದಿ ಯಾರಾದರೂ ಮತ್ತೆ ಆಡಿಯಾರು.